ಊಟ ಬಲ್ಲವರಿಗೆ ರೋಗ ಬಂದ ಕಥೆ

“ಊಟ ಬಲ್ಲವನಿಗೆ ರೋಗವಿಲ್ಲ” ಎಂಬ ಗಾದೆಯನ್ನು ಎತ್ತಿಕೊಳ್ಳದೆ ಆರೋಗ್ಯವನ್ನು ಕುರಿತು ಭಾಷಣ ಮಾಡಿದವರು ನಮ್ಮಲ್ಲಿ ವಿರಳ. ಕಳೆದ ವರ್ಷ ನಮ್ಮ ಚರ್ಚಾಕೂಟದಲ್ಲಿ ನಾನೂ ಆ ಗಾದೆಯಿಂದಲೇ ಆರಂಭಿಸಿದೆ. “ರೋಗಕ್ಕೆ ರೋಗಿಯೇ ಹೊಣೆ” ಎಂಬುದು ಅಂದಿನ ವಿಷಯ. ನಾನು ಪರವಾಗಿ ನಿಂತು ಅಮೆರಿಕದ ಆದಿವಾಸಿಗಳಾದ ಪೀಮಾ ಜನರನ್ನು ಉದಾಹರಿಸಿದೆ. “ಜಗತ್ತಿನಲ್ಲಿ ಸಕ್ಕರೆ ಕಾಯಿಲೆ ಅತಿ ಹೆಚ್ಚಾಗಿ ಕಂಡುಬಂದ ಜನಾಂಗಗಳಲ್ಲಿ ಅವರದೊಂದು, ಸರ್ಕಾರ ಕೂರಿಸಿ ಉಣ್ಣಿಸಿದರೆ ಆಗುವುದೇ ಹೀಗೆ” ಎಂದು ಮೇಜು ಗುದ್ದಿ ಹೇಳಿದೆ. ಚಪ್ಪಾಳೆ ಬಿತ್ತು, ಬಹುಮಾನವೂ ಬಂತು.

ಅಂದು ರಾತ್ರಿ ವಿದ್ಯಾರ್ಥಿನಿಲಯದಲ್ಲಿ ಪಕ್ಕದ ಕೊಠಡಿಯ ಗೆಳೆಯನೊಬ್ಬ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹುಡುಗ, ಮೆಲ್ಲನೆ ಕೇಳಿದ: “ಅಲ್ಲಪ್ಪಾ, ಆ ಜನ ಮೊದಲು ಏನು ತಿನ್ತಿದ್ರು? ಅದನ್ನ ಬಿಟ್ಟಿದ್ಯಾಕೆ?” ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತ ಹೋದಂತೆ ನನ್ನ ಬಹುಮಾನದ ಬಗೆಗೆ ನನಗೇ ನಾಚಿಕೆಯಾಗತೊಡಗಿತು. ಅವನ ಪ್ರಶ್ನೆಗೆ ತಡವಾಗಿಯಾದರೂ ಉತ್ತರ ಕೊಡುವ ಪ್ರಯತ್ನವೇ ಈ ಲೇಖನ.

ಪೀಮಾ ಜನರು ಅರಿಜೋನಾದ ಮರುಭೂಮಿಯಲ್ಲಿ ಹೀಲಾ ನದಿಯ ದಡದಲ್ಲಿ ವಾಸಿಸುವವರು. ಅವರು ತಮ್ಮನ್ನು ಕರೆದುಕೊಳ್ಳುವ ಹೆಸರಿಗೆ “ನದಿಯ ಜನ” ಎಂದೇ ಅರ್ಥ. ನದಿಯಿಂದ ಕಾಲುವೆ ತೆಗೆದು ಮುಸುಕಿನ ಜೋಳ, ಕುಂಬಳ, ಬರವನ್ನು ತಾಳಬಲ್ಲ ಒಂದು ಬಗೆಯ ಅವರೆ, ಮುಂದೆ ಗೋಧಿ, ಇವನ್ನೆಲ್ಲ ಬೆಳೆಯುತ್ತಿದ್ದರು. ನಮ್ಮ ಬಳ್ಳಾರಿ ಜಾಲಿಯ ಬಳಗಕ್ಕೆ ಸೇರಿದ ಮೆಸ್ಕೀಟ್ ಮರದ ಕಾಯಿಗಳನ್ನು ಕುಟ್ಟಿ ಹಿಟ್ಟು ಮಾಡುತ್ತಿದ್ದರು. ಪಾಪಾಸುಕಳ್ಳಿಯ ಹಣ್ಣು, ನದಿಯ ಮೀನು ಅವರ ಆಹಾರದಲ್ಲಿ ಸೇರಿದ್ದುವು. 1849ರಲ್ಲಿ ಚಿನ್ನದ ಆಸೆಯಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟ ದಾರಿಗರಿಗೆ ಆ ಮರುಭೂಮಿಯಲ್ಲಿ ಧಾನ್ಯವನ್ನು ಒದಗಿಸಿದವರು ಇವರೇ. ಊರಿಗೆಲ್ಲ ಉಣಬಡಿಸುತ್ತಿದ್ದ ಈ ಜನರನ್ನು ಊಟ ಬಲ್ಲವರಲ್ಲ ಎಂದು ಹೇಳುವುದು ಹೇಗೆ?

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮೇಲುಗಡೆಗೆ ಬಂದು ನೆಲಸಿದ ಬಿಳಿಯ ವಲಸೆಗಾರರು ಹೀಲಾ ನದಿಯನ್ನು ತಮ್ಮ ಹೊಲಗಳಿಗೆ ತಿರುಗಿಸಿಕೊಂಡರು. ಕೆಳಗಿನವರ ಕಾಲುವೆಗಳು ಬತ್ತಿದುವು, ಬೆಳೆ ಒಣಗಿತು, ಕ್ಷಾಮ ಬಂದಿತು. ಹೊಟ್ಟೆಪಾಡಿಗಾಗಿ ಮೆಸ್ಕೀಟ್ ಮರಗಳನ್ನೇ ಕಡಿದು ಸೌದೆಯಾಗಿ ಮಾರಬೇಕಾಯಿತು. ನೀರನ್ನು ಮರಳಿ ತರುವ ಭರವಸೆಯೊಡನೆ ಕಟ್ಟಿದ ಕೂಲಿಡ್ಜ್ ಅಣೆಕಟ್ಟೆ 1930ರಲ್ಲಿ ಉದ್ಘಾಟನೆಯಾಯಿತು. ಆದರೆ ಭರವಸೆ ಈಡೇರಲಿಲ್ಲ. ನೀರಿನ ಬದಲು ಬಂದುದು ಸರ್ಕಾರದ ಪಡಿ: ಬಿಳಿಯ ಮೈದಾ, ಸಕ್ಕರೆ, ಹಂದಿಯ ಕೊಬ್ಬು, ಡಬ್ಬಿಯ ಆಹಾರ. ಹೊಲದ ಕೆಲಸ ಹೋದುದರಿಂದ ಮೈ ಬಗ್ಗಿಸುವ ಅವಕಾಶವೂ ಹೋಯಿತು.

1940ರಲ್ಲಿ ಪ್ರಖ್ಯಾತ ವೈದ್ಯ ಜೋಸ್ಲಿನ್ ಅರಿಜೋನಾದಲ್ಲಿ ವಿಚಾರಣೆ ನಡೆಸಿ ವರದಿ ಮಾಡಿದಾಗ, ಅಲ್ಲಿಯ ಆದಿವಾಸಿಗಳಲ್ಲಿ ಸಕ್ಕರೆ ಕಾಯಿಲೆ ಇತರರಿಗಿಂತ ಹೆಚ್ಚೇನೂ ಕಂಡಿರಲಿಲ್ಲ. ಮೂರು ದಶಕ ಕಳೆಯುವಷ್ಟರಲ್ಲಿ ಪೀಮಾ ಜನರಲ್ಲಿ 35 ವರ್ಷ ದಾಟಿದವರ ಪೈಕಿ ಸುಮಾರು ಅರ್ಧದಷ್ಟು ಮಂದಿಗೆ ಅದು ಅಂಟಿತ್ತು. ಕೂಡವೇ ಮೂತ್ರಪಿಂಡದ ನಾಶ, ಕಣ್ಣು ಕಳೆದುಕೊಳ್ಳುವುದು, ಕಾಲು ಕತ್ತರಿಸಬೇಕಾಗುವುದು. ಮೂವತ್ತು ವರ್ಷಗಳಲ್ಲಿ ಒಂದು ಜನಾಂಗದ ರಕ್ತ ಬದಲಾಗುವುದುಂಟೆ? ಬದಲಾದುದು ತಟ್ಟೆ.

ಸೊಂಟದ ಸುತ್ತಳತೆ ಹೆಚ್ಚುವುದು, ರಕ್ತದೊತ್ತಡ ಏರುವುದು, ರಕ್ತದಲ್ಲಿ ಸಕ್ಕರೆ ಮತ್ತು ಒಂದು ಬಗೆಯ ಕೊಬ್ಬು ಹೆಚ್ಚುವುದು, ಒಳ್ಳೆಯ ಕೊಲೆಸ್ಟರಾಲ್ ಇಳಿಯುವುದು, ಈ ಐದರಲ್ಲಿ ಮೂರು ಒಬ್ಬನಲ್ಲೇ ಕೂಡಿದರೆ ವೈದ್ಯರು ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಇನ್ಸುಲಿನ್ನಿನ ಮಾತನ್ನು ದೇಹ ಸರಿಯಾಗಿ ಕೇಳದಿರುವುದೇ ಇದರ ಮೂಲದಲ್ಲಿದೆ ಎಂದು 1988ರಲ್ಲಿ ರೀವನ್ ಎಂಬ ವಿಜ್ಞಾನಿ ವಾದಿಸಿದರು. ಅದಕ್ಕೂ ಮುಂಚೆ, 1962ರಲ್ಲಿ, ಜೇಮ್ಸ್ ನೀಲ್ ಎಂಬವರು “ಮಿತವ್ಯಯದ ವಂಶವಾಹಿ”ಯ ಊಹೆಯನ್ನು ಮುಂದಿಟ್ಟಿದ್ದರು: ಬರಗಾಲಕ್ಕೆಂದು ಕೊಬ್ಬನ್ನು ಕೂಡಿಡಲು ಕಲಿತ ದೇಹಕ್ಕೆ ಸಮೃದ್ಧಿಯೇ ಶತ್ರುವಾಗುತ್ತದೆಯೆಂದು. ವಂಶಪಾರಂಪರ್ಯದ ಪಾತ್ರವಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಈ ಮಾತು ಜನರ ಬಾಯಿಗೆ ಬಿದ್ದಾಗ “ಅವರ ರಕ್ತವೇ ಹಾಗೆ” ಎಂದಾಗಿಬಿಡುತ್ತದೆ. ನೀರನ್ನು ತಿರುಗಿಸಿಕೊಂಡವರು ಹೊಣೆಯಿಂದ ಪಾರಾಗುತ್ತಾರೆ.

ಇದಕ್ಕೆ ಉತ್ತರ ಗಡಿಯಾಚೆಯೇ ಇದೆ. ಮೆಕ್ಸಿಕೋದ ಬೆಟ್ಟಗಳಲ್ಲಿ, ಮೈಕೋಬಾ ಎಂಬಲ್ಲಿ, ಇದೇ ಬಳಗದ ಪೀಮಾ ಜನರು ಉಳುಮೆ ಮಾಡಿಕೊಂಡು, ಅವರೆ, ಜೋಳ ತಿಂದುಕೊಂಡಿದ್ದರು. 2006ರಲ್ಲಿ ಪ್ರಕಟವಾದ ಅಧ್ಯಯನದಂತೆ ಅವರಲ್ಲಿ ಸಕ್ಕರೆ ಕಾಯಿಲೆಯವರು ಶೇಕಡ 6.9, ಅರಿಜೋನಾದ ದಾಯಾದಿಗಳಲ್ಲಿ ಶೇಕಡ 38. ರಕ್ತ ಹೆಚ್ಚುಕಡಿಮೆ ಒಂದೇ, ಬದುಕು ಬೇರೆ. ಆಸ್ಟ್ರೇಲಿಯದಲ್ಲಿ 1982ರಲ್ಲಿ ಓಡಿಯಾ ಎಂಬ ವಿಜ್ಞಾನಿಯೊಡನೆ ಕಾಯಿಲೆಯಿದ್ದ ಹತ್ತು ಮಂದಿ ಮೂಲನಿವಾಸಿಗಳು ಏಳು ವಾರ ತಮ್ಮ ಹಿಂದಿನ ನೆಲೆಗೆ ಮರಳಿ ಬೇಟೆ, ಮೀನು, ಗೆಡ್ಡೆಗಳಿಂದ ಜೀವಿಸಿದರು. ಸರಾಸರಿ ಎಂಟು ಕಿಲೋ ತೂಕ ಇಳಿಯಿತು; ರಕ್ತದ ಸಕ್ಕರೆಯೂ ಬಹುಮಟ್ಟಿಗೆ ಹತೋಟಿಗೆ ಬಂದಿತು.

ಹಾಗಾದರೆ ಎಲ್ಲರೂ ಕಾಡಿಗೆ ಮರಳಬೇಕೆ ಎಂದು ಮಿತ್ರರು ಕೇಳಬಹುದು. ಇಲ್ಲ. ಮನುಷ್ಯನಿಗೆ ತನ್ನ ದೇಹದ ಮೇಲೆ ಹೊಣೆಯೇ ಇಲ್ಲವೆಂದೂ ನನ್ನ ವಾದವಲ್ಲ. ಆದರೆ ಹೊಣೆ ಹೊರಿಸುವ ಮೊದಲು ಆಯ್ಕೆಯನ್ನು ಕೊಡಬೇಕಷ್ಟೆ. 1965ರಿಂದ ದಶಕಗಳ ಕಾಲ ಪೀಮಾ ಜನರು ತಮ್ಮ ರಕ್ತವನ್ನು ವಿಜ್ಞಾನಿಗಳ ಪರೀಕ್ಷೆಗೆ ಕೊಟ್ಟರು. ಸಕ್ಕರೆ ಕಾಯಿಲೆಯ ಬಗೆಗೆ ಇಂದು ಜಗತ್ತು ಬಲ್ಲುದರಲ್ಲಿ ಬಹುಭಾಗ ಅವರ ಕೊಡುಗೆ. ಆದರೆ ಅವರ ನೀರಿನ ಹಕ್ಕನ್ನು ಇತ್ಯರ್ಥಗೊಳಿಸಿ, ವರ್ಷಕ್ಕೆ 6,53,500 ಎಕರೆ-ಅಡಿ ನೀರನ್ನು ಗೊತ್ತುಮಾಡಿದ ಕಾನೂನು ಬಂದುದು 2004ರಲ್ಲಿ. ರಕ್ತ ತೆಗೆದುಕೊಂಡವರಿಗೆ ಇದ್ದ ಅವಸರ ನೀರು ಕೊಡಬೇಕಾದವರಿಗೆ ಇರಲಿಲ್ಲ.

ಮನಸ್ಸು ಮಾಡಿದರೆ ಫಲವಿದೆ ಎಂಬುದಕ್ಕೂ ಸಾಕ್ಷಿಯಿದೆ. 1997ರಲ್ಲಿ ಅಮೆರಿಕದ ಸರ್ಕಾರ ಆದಿವಾಸಿಗಳಿಗಾಗಿಯೇ ಸಕ್ಕರೆ ಕಾಯಿಲೆಯ ವಿಶೇಷ ಯೋಜನೆಯೊಂದನ್ನು ಆರಂಭಿಸಿತು. 1996ರಿಂದ 2013ರ ವರೆಗೆ ಆ ದೇಶದ ಆದಿವಾಸಿ ವಯಸ್ಕರಲ್ಲಿ ಈ ಕಾಯಿಲೆಯಿಂದ ಮೂತ್ರಪಿಂಡ ಕೆಡುವ ಪ್ರಮಾಣ ಶೇಕಡ 54ರಷ್ಟು ಇಳಿಯಿತು. ಜನ ಅದೇ ಜನ, ರಕ್ತ ಅದೇ ರಕ್ತ.

ಈಗ ನನ್ನ ಗೆಳೆಯನ ಕಡೆಗೆ ಬರುತ್ತೇನೆ. ಅವನ ಅಜ್ಜಿ ರಾಗಿ, ಕಾಡುಗೆಣಸು, ಬಗೆಬಗೆಯ ಸೊಪ್ಪು, ಜೇನು ತಿಂದು ಬೆಳೆದವರು. ಈಗ ಪೋಡಿನ ಮನೆಯಲ್ಲಿ ಪಡಿತರದ ಅಕ್ಕಿ, ಅಂಗಡಿಯ ಬಿಸ್ಕತ್ತು. ಆ ಕಾಡು 1974ರಲ್ಲಿ ವನ್ಯಜೀವಿಧಾಮವಾಯಿತು. ಸೋಲಿಗರಿಗೆ ಅದರ ಮೇಲಿನ ಸಾಮೂಹಿಕ ಹಕ್ಕುಪತ್ರ ದೊರೆತುದು 2011ರಲ್ಲಿ. ಸೋಲಿಗರಿಗೂ ಪೀಮಾ ಜನರಿಗೂ ಒಂದೇ ಗತಿಯೆಂದು ನಾನು ಹೇಳಹೊರಟಿಲ್ಲ. ಹಸಿವಿಗೆ ಅಕ್ಕಿ ಕೊಡುವುದು ತಪ್ಪೆಂದೂ ಅಲ್ಲ. ಹಸಿದವನಿಗೆ ಅದು ಪ್ರಾಣ. ಆದರೆ ಅಕ್ಕಿ ಕೊಡುವ ಕೈ ಗೆಣಸನ್ನು ಕಿತ್ತುಕೊಳ್ಳಬಾರದು. ಹೀಲಾ ದಂಡೆಯ ಕಥೆಯಿಂದ ನಾವು ಕಲಿಯಬೇಕಾದುದು ಇಷ್ಟೆ.

ನಾವು ನಾಳೆ ಉಪಾಧ್ಯಾಯರಾಗುತ್ತೇವೆ, ಅಧಿಕಾರಿಗಳಾಗುತ್ತೇವೆ. ನಮ್ಮಲ್ಲಿ ಯಾರೋ ಒಬ್ಬರು ಒಂದು ತಾಲ್ಲೂಕಿನ ಪಡಿಯನ್ನು ಗೊತ್ತುಮಾಡುವ ಮೇಜಿನ ಹಿಂದೆ ಕೂರಬಹುದು. ಅಂದು ಕಾಗದಕ್ಕೆ ರುಜು ಹಾಕುವ ಮುನ್ನ ನನ್ನ ಗೆಳೆಯನ ಎರಡು ಪ್ರಶ್ನೆಗಳನ್ನು ಕೇಳಿದರೆ ಸಾಕು: ಈ ಜನ ಮೊದಲು ಏನು ತಿನ್ನುತ್ತಿದ್ದರು? ಅದನ್ನು ಬಿಟ್ಟದ್ದು ಏಕೆ?

ಗಾದೆ ಸುಳ್ಳಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಅವನ ಊಟವನ್ನು ಅವನಿಗೇ ಬಿಟ್ಟಿದ್ದರೆ. ಬಹುಮಾನದ ಪುಸ್ತಕವನ್ನು ನಾನು ಗೆಳೆಯನಿಗೆ ಕೊಡಹೋದೆ. “ನೀನೇ ಇಟ್ಕೊ, ಮುಂದಿನ ವರ್ಷ ಇನ್ನೊಂದು ಸಲ ಮಾತಾಡು” ಎಂದ. ವಿರೋಧವಾಗಿ ಮಾತನಾಡಲು ಈಗಲೇ ಹೆಸರು ಕೊಟ್ಟಿದ್ದೇನೆ.