ಅಮ್ಮನ ಹಾಡಿಗೆ ಎಂಥ ಮೈಕು?

ಮನೆಯ ಹಿರಿಯರ ಹಾಡುಗಳನ್ನು ಧ್ವನಿಮುದ್ರಿಸಿಡಬೇಕೆಂಬ ಆಸೆ ನಮ್ಮ ಬಂಧುವರ್ಗದಲ್ಲಿಯೂ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಒಬ್ಬನ ತಾಯಿ ಕುಮಾರವ್ಯಾಸನನ್ನು ವಾಚಿಸುತ್ತಾರೆ. ಇನ್ನೊಬ್ಬಳ ಅಜ್ಜಿಗೆ ಹಸೆಗೆ ಕರೆಯುವ ಹಾಡಿನಿಂದ ಹಿಡಿದು ಆರತಿಯ ಹಾಡಿನವರೆಗೆ ಮದುವೆಯ ಪದಗಳೆಲ್ಲ ಕಂಠಸ್ಥ. ಒಂದು ಕಾಲಕ್ಕೆ ವಿಜ್ಞಾನದ ಪಾಠ ಹೇಳಿದವನೆಂಬ ಸಲುಗೆಯಿಂದ ಅವರು ಕೇಳುವ ಪ್ರಶ್ನೆ ಒಂದೇ: 'ಮೇಷ್ಟ್ರೇ, ದೊಡ್ಡ ಡಯಾಫ್ರಾಮಿನ ಕಂಡೆನ್ಸರ್ ಮೈಕೇ ಬೇಕೆ?' ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬೇಕು, ಆದರೆ ಅಂಗಡಿಯವರು ಹೇಳುವ ಕಾರಣಕ್ಕಲ್ಲ.

ಎರಡು ಫಲಕಗಳ ನಡುವಣ ಅಂತರ ಬದಲಾದರೆ ಧಾರಕತೆ ಬದಲಾಗುತ್ತದೆಂದು ನೀವು ತರಗತಿಯಲ್ಲಿ ಓದಿದ್ದೀರಿ. ಕಂಡೆನ್ಸರ್ ಮೈಕಿನ ತತ್ತ್ವ ಅಷ್ಟೇ. 1916ರಲ್ಲಿ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದ ಇ. ಸಿ. ವೆಂಟೆ ಇದನ್ನು ರೂಪಿಸಿದರು. ಇಂದಿನ ಮೈಕುಗಳಲ್ಲಿ ಒಂದು ಫಲಕವೆಂದರೆ ಚಿನ್ನದ ಲೇಪವಿರುವ, ಕೆಲವೇ ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಪೊರೆ. ಉಸಿರಿನ ಅಲೆ ತಾಗಿದರೆ ಅದು ಅಲುಗುತ್ತದೆ. ಈ ಪೊರೆಯ ವ್ಯಾಸ ಸುಮಾರು 25 ಮಿಲಿಮೀಟರ್ ಇದ್ದರೆ ಅದನ್ನು ದೊಡ್ಡ ಡಯಾಫ್ರಾಮ್ ಎನ್ನುವುದು ವಾಡಿಕೆ. ಪೊರೆ ದೊಡ್ಡದಾದಷ್ಟೂ ಅದು ಹಿಡಿಯುವ ಸಂಕೇತ ಹೆಚ್ಚು. ಆದ್ದರಿಂದ ಮೈಕಿನ ಒಳಗಿನ ವಿದ್ಯುನ್ಮಂಡಲವೇ ಹೊರಡಿಸುವ 'ಸ್' ಎಂಬ ಸದ್ದು ಅದಕ್ಕೆ ಹೋಲಿಸಿದರೆ ಕಡಿಮೆ. ಕೊಳ್ಳುವವರು ನೋಡಬೇಕಾದದ್ದು ಈ ಸ್ವಂತ ಸದ್ದಿನ ಅಂಕಿಯನ್ನು. 'ಬೆಚ್ಚನೆಯ ನಾದ', 'ಸ್ಟುಡಿಯೋ ಗುಣಮಟ್ಟ' ಮುಂತಾದ ವಿಶೇಷಣಗಳನ್ನು ಅಲ್ಲ.

ಈ ಅಂಕಿ ನಮಗೇಕೆ ಮುಖ್ಯವೆಂದು ಸ್ವಲ್ಪ ವಿಸ್ತರಿಸಬೇಕು. ವೇದಿಕೆಯ ಗಾಯಕರು ಕೈಯಲ್ಲಿ ಹಿಡಿಯುವ ಡೈನಮಿಕ್ ಮೈಕು, ಉದಾಹರಣೆಗೆ 1966ರಿಂದ ತಯಾರಾಗುತ್ತಿರುವ ಶೂರ್ ಎಸ್‌ಎಂ58, ತುಟಿಗೆ ತಾಗುವಷ್ಟು ಹತ್ತಿರವಿದ್ದರೆ ಸೊಗಸಾಗಿ ಕೆಲಸ ಮಾಡುತ್ತದೆ. ನಮ್ಮ ಅಜ್ಜಿಯರು ಹಾಗೆ ಹಾಡುವವರಲ್ಲ. ಚಾಪೆಯ ಮೇಲೆ ಕುಳಿತು, ವ್ಯಾಸಪೀಠದ ಮೇಲೆ ಪುಸ್ತಕವಿಟ್ಟು, ಪುಟ ತಿರುವುತ್ತ, ಭೀಮನ ಮಾತು ಬಂದಾಗ ಕೈಯೆತ್ತಿ ವಾಚಿಸುವವರು. ಬಾಯಿಗೆ ಮೈಕು ಹಿಡಿದರೆ ಅರ್ಧ ಪದ್ಯ ಮರೆತೇ ಹೋಗುತ್ತದೆ. ಅವರಿಗೆ ಮೈಕು ಒಂದು ಅಡಿಯಾದರೂ ದೂರವಿರಬೇಕು. ಒಂದು ಅಡಿ ದೂರದಿಂದ ಎಂಬತ್ತರ ಮೆಲುದನಿಯನ್ನು ಹಿಡಿಯುವಾಗ ಡೈನಮಿಕ್ ಮೈಕಿನ ಸಂಕೇತವನ್ನು ಬಹಳ ವರ್ಧಿಸಬೇಕಾಗುತ್ತದೆ; ವರ್ಧಿಸಿದಷ್ಟೂ 'ಸ್' ಸದ್ದೂ ಮೇಲೇಳುತ್ತದೆ. ರೋಡ್ ಎನ್‌ಟಿ1 ಎಂಬ ಮೈಕಿನ ಸ್ವಂತ ಸದ್ದು 4 ಡೆಸಿಬೆಲ್, ಆಡಿಯೋ-ಟೆಕ್ನಿಕಾ ಎಟಿ2035ರದ್ದು 12, ಅದೇ ಸಂಸ್ಥೆಯ ಅಗ್ಗದ ಎಟಿ2020ರದ್ದು 20. ಗಟ್ಟಿ ಕಂಠದ ತರುಣನಿಗೆ ಕೊನೆಯದೂ ಸಾಕು. ಅಜ್ಜಿಗೆ ಸಾಲದು. ಅಂದ ಹಾಗೆ, ಎಟಿ2020ರ ಪೊರೆ 16 ಮಿಲಿಮೀಟರ್ ಮಾತ್ರ. ಹೊರಕವಚ ದಪ್ಪಗಿದ್ದ ಮಾತ್ರಕ್ಕೆ ಒಳಗಿನ ಪೊರೆ ದೊಡ್ಡದೆಂದು ತಿಳಿಯಬಾರದು.

'ಕಂಡೆನ್ಸರ್ ಮೈಕು ಊರಿನ ಸದ್ದನ್ನೆಲ್ಲ ಎಳೆದುಕೊಳ್ಳುತ್ತದೆ, ಮನೆಗೆ ಡೈನಮಿಕ್ಕೇ ವಾಸಿ' ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಇದನ್ನು ನಾನು ಒಪ್ಪುವುದಿಲ್ಲ. ಸೂಕ್ಷ್ಮತೆ ಹೆಚ್ಚಾದರೆ ಕುಕ್ಕರಿನ ಸೀಟಿಯಷ್ಟೇ ಪ್ರಮಾಣದಲ್ಲಿ ಅಜ್ಜಿಯ ದನಿಯೂ ಹೆಚ್ಚುತ್ತದೆ. ಎರಡರ ಅನುಪಾತ ಬದಲಾಗುವುದಿಲ್ಲ. ಅನುಪಾತವನ್ನು ನಿರ್ಧರಿಸುವುದು ದೂರ, ಮೈಕು ಯಾವ ದಿಕ್ಕಿನಿಂದ ಕೇಳುತ್ತದೆಂಬುದು, ಮತ್ತು ಕೋಣೆ. ದೂರವನ್ನು ಅರ್ಧ ಮಾಡಿದರೆ ನೇರ ದನಿ 6 ಡೆಸಿಬೆಲ್ ಏರುತ್ತದೆ, ಗೋಡೆಯ ಮಾರ್ದನಿ ಇದ್ದಲ್ಲೇ ಇರುತ್ತದೆ. ಡೈನಮಿಕ್ ಮೈಕಿಗೆ ಒಳ್ಳೆಯ ಹೆಸರು ಬಂದದ್ದು ಅದನ್ನು ಬಾಯಿಗೆ ಹತ್ತಿರ ಹಿಡಿಯುವುದರಿಂದ.

ಆದ್ದರಿಂದ ಹಣ ಖರ್ಚು ಮಾಡುವ ಮೊದಲು ಕೋಣೆಯನ್ನು ಆರಿಸಿ. ರೆಡ್‌ಆಕ್ಸೈಡ್ ನೆಲ, ಬರಿಯ ಗೋಡೆಗಳಿರುವ ನಡುಮನೆ ನೋಡಲು ಚೆಂದ, ಧ್ವನಿಮುದ್ರಣಕ್ಕೆ ಶತ್ರು. ಹಾಸಿಗೆ ಸುತ್ತಿಟ್ಟಿರುವ, ಬಟ್ಟೆ ನೇತುಹಾಕಿರುವ, ಪುಸ್ತಕ ತುಂಬಿದ ಕೋಣೆಯೇ ಉತ್ತಮ. ಕಂಬಳಿಯನ್ನು ಅನೇಕರು ಮೈಕಿನ ಹಿಂದೆ ಕಟ್ಟುತ್ತಾರೆ. ಹೃದಯಾಕಾರದ ಗ್ರಹಣವಲಯದ ಮೈಕು ಹಿಂದಿನಿಂದ ಹೆಚ್ಚು ಕೇಳುವುದಿಲ್ಲ. ಅದು ನೋಡುತ್ತಿರುವುದು ಹಾಡುವವರನ್ನೂ ಅವರ ಬೆನ್ನ ಹಿಂದಿನ ಗೋಡೆಯನ್ನೂ. ಕಂಬಳಿ ಕಟ್ಟಬೇಕಾದ್ದು ಅಲ್ಲಿ. ಫ್ಯಾನು ಆರಿಸಿ, ಫ್ರಿಜ್ಜನ್ನು ಅರ್ಧ ಗಂಟೆ ನಿಲ್ಲಿಸಿ, ಬೀದಿ ಏಳುವ ಮೊದಲು ಬೆಳಗಿನ ಜಾವ ಕುಳಿತುಕೊಳ್ಳಿ. ಹಿರಿಯರು ಹೇಗೂ ಎದ್ದಿರುತ್ತಾರೆ, ನೀವು ಏಳಬೇಕಷ್ಟೆ.

ಕಡಿಮೆ ಬೆಲೆಯ ಅನೇಕ ಮೈಕುಗಳಲ್ಲಿ ಇನ್ನೊಂದು ತೊಡಕಿದೆ. ಜರ್ಮನಿಯ ನಾಯ್‌ಮನ್ ಸಂಸ್ಥೆ 1960ರಲ್ಲಿ ಹೊರತಂದ ಯು67 ಮೈಕಿನ ಪೊರೆ-ಜೋಡಣೆ ಮೇಲಿನ ಕಂಪನಗಳನ್ನು ಎತ್ತಿ ಹಿಡಿಯುವಂಥದು. ಅದರ ವಿದ್ಯುನ್ಮಂಡಲ ಆ ಏರಿಕೆಯನ್ನು ಮತ್ತೆ ತಗ್ಗಿಸುತ್ತದೆ. ನಕಲು ಮಾಡಿದವರಲ್ಲಿ ಹಲವರು ಪೊರೆಯನ್ನು ಅನುಕರಿಸಿ ತಗ್ಗಿಸುವ ಭಾಗವನ್ನು ಕೈಬಿಟ್ಟರು. ಮೊದಲ ಬಾರಿ ಕೇಳಿದಾಗ 'ಎಷ್ಟು ಸ್ಪಷ್ಟ!' ಎನಿಸುತ್ತದೆ. ಹತ್ತು ನಿಮಿಷ ಕೇಳಿದರೆ ಶ, ಷ, ಸಗಳು ಕಿವಿಯನ್ನು ಗೀರುತ್ತವೆ. ಕಟ್ಟಿಸಿದ ಹಲ್ಲಿನವರಾದರೆ ಕೇಳುವುದೇ ಬೇಡ. ಹೊಳಪಿಲ್ಲದ, ಮಂಕೆನಿಸುವ ಮೈಕೇ ಮುದಿದನಿಗೆ ಹಿತ. ನಮ್ಮ ಮಹಾಪ್ರಾಣಗಳದು ಬೇರೆ ಕಥೆ. ಒಳ್ಳೆಯ ಗಮಕಿ ಭ, ಘ, ಧಗಳನ್ನು ಬಿಟ್ಟುಕೊಡುವವರಲ್ಲ, ಆ ಉಸಿರು ನೇರ ಪೊರೆಗೆ ಬಡಿದರೆ 'ಧಡ್' ಎನ್ನುತ್ತದೆ. ಮೈಕನ್ನು ಹಣೆಯ ಮಟ್ಟದಲ್ಲಿಟ್ಟು ಬಾಯಿಯ ಕಡೆಗೆ ಬಾಗಿಸಿ, ನಡುವೆ ಬಟ್ಟೆಯ ಪಾಪ್ ಫಿಲ್ಟರ್ ಇಟ್ಟರೆ ಸಾಕು.

ಹಸೆಯ ಹಾಡಿಗೆ ಇಬ್ಬರು ಬೇಕು, ಒಬ್ಬರು ಹೇಳಿ ಇನ್ನೊಬ್ಬರು ಹಿಂದೆ ಹೇಳುವ ಕ್ರಮ. ದೊಡ್ಡ ಪೊರೆಯ ಮೈಕಿಗೆ ಓರೆಯಿಂದ ಬಂದ ದನಿ ಬಣ್ಣಗೆಡುತ್ತದೆ, ಪಕ್ಕಪಕ್ಕದಲ್ಲಿ ಕುಳಿತರೆ ಒಬ್ಬರಿಗೆ ಅನ್ಯಾಯ. ಇಂಥ ಮನೆಯವರು ಮಾತ್ರ, ಮುಂದಿನಿಂದಲೂ ಹಿಂದಿನಿಂದಲೂ ಕೇಳುವ 8ರ ಆಕಾರದ ವಲಯಕ್ಕೆ ಬದಲಿಸಬಹುದಾದ ಮೈಕಿಗೆ ಹೆಚ್ಚು ಹಣ ಕೊಡಲಿ. ಅತ್ತಿಗೆ ನಾದಿನಿಯರು ಎದುರುಬದುರು ಕುಳಿತು, ನಡುವೆ ಮೈಕಿಟ್ಟು ಹಾಡಬಹುದು. ಉಳಿದವರಿಗೆ ಆ ಖರ್ಚು ವ್ಯರ್ಥ.

ನೇರವಾಗಿ ಕಂಪ್ಯೂಟರಿಗೆ ಸೇರುವ ಯುಎಸ್‌ಬಿ ಮೈಕೋ, ಇಂಟರ್‌ಫೇಸಿನಿಂದ 48 ವೋಲ್ಟ್ ಪಡೆಯುವ ಎಕ್ಸ್‌ಎಲ್‌ಆರ್ ಮೈಕೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಒಂದು ಬೇಸಿಗೆ ರಜೆಯ ಕೆಲಸವಾದರೆ ಮೊದಲನೆಯದು, ವರ್ಷಗಟ್ಟಲೆ ಮಾಡುವುದಾದರೆ ಎರಡನೆಯದು. ಮಲೆನಾಡಿನವರೂ ಕರಾವಳಿಯವರೂ ಮಳೆಗಾಲದಲ್ಲಿ ಮೈಕನ್ನು ಸಿಲಿಕಾ ಜೆಲ್ ಪೊಟ್ಟಣದೊಡನೆ ಮುಚ್ಚಿದ ಡಬ್ಬಿಯಲ್ಲಿಡಬೇಕು; ಪೊರೆಗೆ ತೇವ ಹಿಡಿದರೆ ಚಟಪಟ ಸದ್ದು ಶುರುವಾಗುತ್ತದೆ.

1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ಮೈಕಿಗಲ್ಲ, ತಗಡಿನ ಕಹಳೆಗೆ. ವಿದ್ಯುತ್ ಧ್ವನಿಮುದ್ರಣ 1925ರಲ್ಲಿ ಬರುವವರೆಗೆ ಕಂಠ ಗಟ್ಟಿಯಿಲ್ಲದವರಿಗೆ ತಟ್ಟೆಯಲ್ಲಿ ಜಾಗವಿರಲಿಲ್ಲ. ಜಗಲಿಯಲ್ಲಿ, ತೊಟ್ಟಿಲ ಬಳಿಯಲ್ಲಿ, ಬೀಸುಕಲ್ಲಿನ ಮುಂದೆ ತಮಗೆ ತಾವೇ ಹಾಡಿಕೊಂಡ ಹೆಂಗಸರ ದನಿಗೆ ತಕ್ಕ ಯಂತ್ರ ಈಗ ಸಾಮಾನ್ಯ ಸಂಸಾರಿಗನ ಕೈಗೆಟುಕಿದೆ. ಆ ಕಾರಣಕ್ಕೇ ನನಗೆ ಈ ವಿಷಯದಲ್ಲಿ ಇಷ್ಟು ಆಸ್ಥೆ. ಹಾಗೆಂದು ಮೈಕಿಗಾಗಿ ಕಾಯುತ್ತ ಕೂರುವುದನ್ನು ನಾನು ಒಪ್ಪಲಾರೆ. ನಮ್ಮ ದೂರದ ಸಂಬಂಧಿಯೊಬ್ಬರ ಮನೆಯಲ್ಲಿ ಯಾವ ಮೈಕು ಮೇಲೆಂಬ ಚರ್ಚೆ ದೀಪಾವಳಿಯಿಂದ ಯುಗಾದಿಯವರೆಗೆ ನಡೆಯಿತು. ಅಷ್ಟರಲ್ಲಿ ತಾಯಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ಇಂದು ಸಂಜೆಯೇ ಫೋನನ್ನು ದಿಂಬಿನ ಮೇಲಿಟ್ಟು ಮುದ್ರಿಸಿಕೊಳ್ಳಿ, ಮೈಕು ಬಂದ ಮೇಲೆ ಮತ್ತೊಮ್ಮೆ ಹಾಡಿಸಿ.

ಕಡತವನ್ನು ಎಂಪಿ3 ಮಾಡದೆ ವೇವ್ ರೂಪದಲ್ಲಿಯೇ ಎರಡು ಕಡೆ ಉಳಿಸಿ; ಹೆಸರಿನಲ್ಲಿ ಹಾಡಿದವರು, ಊರು, ತಾರೀಖು ಇರಲಿ. ಇನ್ನೊಂದು ಮಾತು: ಹಾಡು ಮುಗಿದ ಕೂಡಲೇ ಮುದ್ರಣ ನಿಲ್ಲಿಸಬೇಡಿ. ಒಂದು ನಿಮಿಷ ಸುಮ್ಮನಿದ್ದರೆ, 'ಇದನ್ನು ನಮ್ಮ ಸೋದರತ್ತೆ ಹೇಳಿಕೊಟ್ಟದ್ದು, ಅವಳು ಎರಡನೆಯ ಸೊಲ್ಲನ್ನು ಬೇರೆ ಥರ ಎಳೆಯುತ್ತಿದ್ದಳು' ಎಂದು ಅವರೇ ಶುರುಮಾಡುತ್ತಾರೆ. ಆ ಎಳೆತವನ್ನು ಹಾಡಿ ತೋರಿಸಲು ಹೇಳಿ.