ಕಿಟಕಿಯ ಹಿಡಿಕೆ ಕಿತ್ತು ಬಂದರೆ

ಮರದ ಕಿಟಕಿಯ ಹಿಡಿಕೆ ಕಿತ್ತು ಬಂತೆಂದು ಹೇಳಿಕಳಿಸಿದರೆ, ಅಷ್ಟು ಸಣ್ಣ ಕೆಲಸಕ್ಕೆ ಬಡಗಿ ಬರುವುದು ಕಷ್ಟ. ಅಲ್ಲಿಯವರೆಗೆ ಕದದ ಅಂಚನ್ನೇ ಹಿಡಿದು ಎಳೆಯುತ್ತೇವೆ. ಗಾಳಿಗೆ ಕದ ಬಡಿದು ಮಕ್ಕಳ ಬೆರಳು ಸಿಕ್ಕಿಕೊಳ್ಳುವುದು ಹೀಗೆಯೇ. ಸ್ಕ್ರೂಡ್ರೈವರ್ ಹಿಡಿಯಲು ಬಂದರೆ ಈ ಕೆಲಸ ಮನೆಯವರೇ ಮಾಡಿಕೊಳ್ಳಬಹುದು.

ಅಂಗಡಿಗೆ ಹಳೆಯ ಹಿಡಿಕೆಯನ್ನೇ ಒಯ್ಯಿರಿ. ನೋಡಬೇಕಾದುದು ಅದರ ಉದ್ದವನ್ನಲ್ಲ, ಎರಡು ತುದಿಯ ತೂತುಗಳ ನಡುವಿನ ಅಂತರವನ್ನು. ಅದು ಹೊಂದಿದರೆ ಹೊಸ ತೂತು ಕೊರೆಯಬೇಕಿಲ್ಲ. ಹಳೆಯ ತೂತು ಸಡಿಲವಾಗಿದೆಯೇ? ಉದ್ದನೆಯ ಸ್ಕ್ರೂ ಬೇಡ, ತೆಳು ಕದದಲ್ಲಿ ಅದು ಆಚೆಗೆ ತೂರಿ ಬರುತ್ತದೆ. ಬಿದಿರಿನ ಸೀಳನ್ನೋ ಮದ್ದು ತೆಗೆದ ಬೆಂಕಿಕಡ್ಡಿಯನ್ನೋ ಫೆವಿಕಾಲ್‌ನಲ್ಲಿ ಅದ್ದಿ ತೂತಿಗೆ ತುರುಕಿ, ಮಟ್ಟಸವಾಗಿ ಕತ್ತರಿಸಿ, ಒಂದು ರಾತ್ರಿ ಒಣಗಲು ಬಿಡಿ. ಹಿತ್ತಾಳೆ ಸ್ಕ್ರೂ ಮೆದು, ಗಟ್ಟಿ ಮರದಲ್ಲಿ ತಲೆ ಮುರಿದುಕೊಳ್ಳುತ್ತದೆ. ಅದೇ ಅಳತೆಯ ಕಬ್ಬಿಣದ ಸ್ಕ್ರೂವಿನಿಂದ ಮೊದಲು ದಾರಿ ಮಾಡಿ, ಆಮೇಲೆ ಮೇಣ ಸವರಿದ ಹಿತ್ತಾಳೆಯದನ್ನು ಕೂಡಿಸಿ. ಕರಾವಳಿಯವರಂತೂ ಅಗ್ಗವೆಂದು ಕಬ್ಬಿಣದ ಹಿಡಿಕೆಗೆ ಮರುಳಾಗಬಾರದು.

ಇಷ್ಟಾದರೂ ಮತ್ತೆ ಕಿತ್ತು ಬಂದರೆ ದೋಷ ಹಿಡಿಕೆಯದಲ್ಲ. ಮಳೆಗಾಲದಲ್ಲಿ ಮರ ಉಬ್ಬಿ ಕದ ಚೌಕಟ್ಟಿಗೆ ಕಚ್ಚಿಕೊಂಡಿರುತ್ತದೆ, ನಾವು ಜಗ್ಗುತ್ತೇವೆ. ಕದದ ಅಂಚಿಗೆ ಸೀಮೆಸುಣ್ಣ ಬಳಿದು ಮುಚ್ಚಿ ನೋಡಿ. ಚೌಕಟ್ಟಿಗೆ ಸುಣ್ಣ ಹತ್ತಿದಲ್ಲಿ ಕಚ್ಚುತ್ತಿದೆ ಎಂದರ್ಥ. ಗುರುತು ಮಾಡಿಟ್ಟುಕೊಂಡು, ಮರ ಒಣಗಿದ ಮೇಲೆ ಉಪ್ಪುಕಾಗದದಿಂದ ಸ್ವಲ್ಪವೇ ಉಜ್ಜಿ. ಉಜ್ಜಿದಲ್ಲಿ ಬಣ್ಣ ಬಳಿಯದಿದ್ದರೆ ಬರಿಯ ಮರ ಮುಂದಿನ ಮಳೆಗೆ ಮತ್ತೆ ನೀರು ಕುಡಿಯುತ್ತದೆ.