ಅವನ ನೋವು ಅವನೇ ಹೇಳಲಿ

ನಮ್ಮ ಅತ್ತಿಗೆಯ ಮಗನಿಗೆ ಈಗ 31 ವರ್ಷ. ಬುದ್ಧಿಯ ಬೆಳವಣಿಗೆ ನಿಧಾನ, ಆಡುವ ಮಾತು ನಾಲ್ಕೈದೇ. ಹಿಂದೊಮ್ಮೆ ಊಟ ಬಿಟ್ಟು ಕೆನ್ನೆ ಬಡಿದುಕೊಳ್ಳತೊಡಗಿದ. ಡಾಕ್ಟರು ಅವನ ಮುಖವನ್ನೂ ನೋಡದೆ ಅತ್ತಿಗೆಯನ್ನೇ ಕೇಳಿ, "ಇಂಥವರದು ಹೀಗೇ ಕಣಮ್ಮಾ, ಹಟ" ಎಂದು ನಿದ್ದೆ ಮಾತ್ರೆ ಬರೆದುಕೊಟ್ಟರು. ಎಂಟು ದಿನದ ಮೇಲೆ ನೋಡಿದರೆ ದವಡೆ ಹಲ್ಲು ಹುಳುಕಾಗಿ ಕೀವು ತುಂಬಿತ್ತು!

ಎಲ್ಲ ತೊಂದರೆಯನ್ನೂ ಬುದ್ಧಿಮಾಂದ್ಯದ ಲೆಕ್ಕಕ್ಕೇ ಹಾಕಿಬಿಡುವ ಈ ತಪ್ಪು ಹೊರದೇಶಗಳ ಆಸ್ಪತ್ರೆಗಳಲ್ಲೂ ಉಂಟು. ಆದರೆ ಸೋದರಿಯರೇ, ಮಗನ ಪರವಾಗಿ ಎಲ್ಲವನ್ನೂ ನಾವೇ ಹೇಳಿಬಿಡುತ್ತೇವಲ್ಲ, ಅದೂ ತಪ್ಪೇ ಅಲ್ಲವೇ?

ಚಿತ್ರ ಒತ್ತಿದರೆ ಅವನ ಪರವಾಗಿ ಮಾತಾಡುವ ಆ್ಯಪ್‌ಗಳು ಈಗ ಮೊಬೈಲಿಗೇ ಬಂದಿವೆ. ಚೆನ್ನೈಯಲ್ಲಿ ತಯಾರಾದ 'ಆವಾಜ್', ಮುಂಬಯಿಯ ಐಐಟಿಯಲ್ಲಿ ರೂಪಿಸಿದ 'ಜೆಲ್ಲೋ' ಇಂಥವು. ಹಲ್ಲಿನ ಚಿತ್ರ, ಆಮೇಲೆ ನೋವಿನ ಚಿತ್ರ ಒತ್ತಿದರೆ ಫೋನು ಅದನ್ನು ಗಟ್ಟಿಯಾಗಿ ಹೇಳುತ್ತದೆ. ಮೊಬೈಲು ಬೇಡವೇ? ರಟ್ಟಿನ ಮೇಲೆ ಮನುಷ್ಯನ ಆಕಾರ ಬರೆದು, ಪಕ್ಕದಲ್ಲಿ ನಗುವ, ಸಪ್ಪೆಯಾದ, ಅಳುವ ಮೂರು ಮುಖ ಅಂಟಿಸಿ. ಅದೂ ಸಾಕು.

ಮನೆಯಲ್ಲಿ ಹೀಗೆ ಮಾಡಿ:

* ಕಾಯಿಲೆ ಬರುವವರೆಗೆ ಕಾಯಬೇಡಿ. ಕಾಫಿ ಬೇಕೋ ಹಾಲು ಬೇಕೋ ಎನ್ನುವುದರಿಂದಲೇ ಅಭ್ಯಾಸ ಶುರುವಾಗಲಿ.
* ಅವನದೇ ಬಾಯಿ, ಹೊಟ್ಟೆ, ಅವನು ನುಂಗುವ ಮಾತ್ರೆ, ಇವುಗಳ ಫೋಟೋ ತೆಗೆದಿಡಿ.
* ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ನಡುವೆ ಬಾಯಿ ಹಾಕಬೇಡಿ.
* ಕೇಳಿದ್ದಕ್ಕೆಲ್ಲ "ಹೂಂ" ಅನ್ನುವವರು ಬಹಳ. "ಹೊಟ್ಟೆ ನೋವಾ?" ಎಂದಮೇಲೆ "ಹೊಟ್ಟೆ ಚೆನ್ನಾಗಿದೆಯಾ?" ಎಂದೂ ಕೇಳಿ. ಎರಡಕ್ಕೂ ಹೂಂ ಅಂದರೆ ಚಿತ್ರ ತೋರಿಸಿ.
* ಊಟ, ನಿದ್ದೆ, ನಡವಳಿಕೆ ಎಂದಿನಿಂದ ಬದಲಾಯಿತು ಎಂದು ಬರೆದುಕೊಂಡು ಹೋಗಿ. ಅದನ್ನು ಯಾವ ಯಂತ್ರವೂ ಹೇಳಲಾರದು, ನೀವೇ ಹೇಳಬೇಕು.

ಡಾಕ್ಟರು ಗೊಣಗಿದರೆ ಅಂಜಬೇಡಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಂವಹನವೆಂದರೆ ಬರೀ ಬಾಯಿಮಾತು ಎನ್ನುವುದಿಲ್ಲ. ಇಂಥ ಬದಲಿ ವಿಧಾನಗಳೂ ಅದರಲ್ಲಿ ಸೇರಿವೆ. ಯಾವ ವಿಧಾನ ಯಾರಿಗೆ ಹೊಂದುತ್ತದೆಂದು ತಿಳಿಯಲು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಬಹುದು.

ಮೊನ್ನೆ ಅತ್ತಿಗೆ ಮತ್ತೆ ಅವನನ್ನು ಕರೆದುಕೊಂಡು ಹೋಗಿದ್ದರು. ರಟ್ಟು ಅವನ ತೊಡೆಯ ಮೇಲೆ. ಡಾಕ್ಟರು ಕೇಳಿದರು, ಅತ್ತಿಗೆ ತುಟಿ ಕಚ್ಚಿಕೊಂಡು ಸುಮ್ಮನೆ ಕೂತರು. ಅವನ ಬೆರಳು ಮೆಲ್ಲಗೆ ಕಿವಿಯ ಮೇಲೆ ಹೋಗಿ, ಅಲ್ಲಿಂದ ಅಳುವ ಮುಖಕ್ಕೆ ಬಂತು. ಡಾಕ್ಟರು ಕಿವಿಗೆ ದೀಪ ಹಿಡಿದು ನೋಡಿದರು. ಒಳಗೆ ಕೆಂಪಗೆ ಬಾತಿತ್ತು.

"ನಾನು ಸುಮ್ಮನಿದ್ದದ್ದೇ ಕಷ್ಟವಾಯ್ತು ಕಣೇ" ಎಂದರು ಅತ್ತಿಗೆ, ಕಣ್ಣೊರೆಸಿಕೊಳ್ಳುತ್ತಾ.